ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಕೇಳಿದ್ದು

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ರಸ್ತೆ ಬದಿ ನಿಂತು ತಲೆ ಕೆರೆದುಕೊಂಡರೂ ಸಾಕು, ಯಾವುದೋ ಬಸ್ಸು ಪಕ್ಕಕ್ಕೆ ಬಂದು ನಿಂತು, ಕಂಡಕ್ಟರು ಹತ್ತಿ ಹತ್ತಿ ಎಂದು ಅವಸರ ಮಾಡುತ್ತಿದ್ದ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ನಾಗಮಂಗಲದ ಕಡೆಯಿಂದ ಸಂತೆಬಾಚಹಳ್ಳಿ ಹಾದು ಪೇಟೆಗೆ ಹೋಗುವ ಬಸ್ಸು ನಮ್ಮೂರಿನ ಮುಂದೆಯೇ ಹೋಗುತ್ತಿತ್ತು. ಹೋಗುತ್ತಿತ್ತು, ಅಷ್ಟೆ. ನಿಲ್ಲುತ್ತಿರಲಿಲ್ಲ.

ಊರ ಮುಂದೆ ರಸ್ತೆ ನೇರವಾಗಿತ್ತು, ಸ್ವಲ್ಪ ಇಳಿಜಾರೂ ಇತ್ತು. ಅಲ್ಲಿಗೆ ಬಂದ ಬಸ್ಸಿಗೆ ಮೈಮೇಲೆ ದೇವರು ಬಂದ ಹಾಗೆ ವೇಗ ಬರುತ್ತಿತ್ತು. ನಾವು ನಿಲ್ಲಿಸಿ ಎಂದು ಕೈ ಚಾಚಿದರೆ ಕಿಟಕಿ ಪಕ್ಕ ಕೂತ ಮಕ್ಕಳು ಅದನ್ನು ಬೇರೆ ಅರ್ಥ ಮಾಡಿಕೊಂಡು ನಮಗೆ ಟಾಟಾ ಮಾಡುತ್ತಿದ್ದವು. ಬಸ್ಸು ಹತ್ತಬೇಕಾದರೆ ಮುಂದಿನ ಊರಿನ ತನಕ ನಡೆಯಬೇಕು. ಆ ಊರಿನವರಿಗೆ ಸ್ಟಾಪೂ ಇತ್ತು, ಕೂರಲು ಕಟ್ಟೆಯೂ ಇತ್ತು. ನಾವು ಬೆವರು ಒರೆಸಿಕೊಳ್ಳುತ್ತಾ ಬರುವುದನ್ನು ಕಟ್ಟೆ ಮೇಲಿಂದ ನೋಡಿ, ನಿಮ್ಮೂರಿಗಿನ್ನೂ ಬಸ್ಸು ಬಂದಿಲ್ವಾ ಎಂದು ಬಹಳ ಮರುಕದಿಂದ ಕೇಳುತ್ತಿದ್ದರು. ನಡೆದ ಸುಸ್ತಿಗಿಂತ ಈ ಮರುಕವೇ ನಮ್ಮೂರಿನವರನ್ನು ಹೆಚ್ಚು ಸುಡುತ್ತಿತ್ತು.

ನಮ್ಮ ಅತ್ತೆ ಬದನೆಕಾಯಿ, ಅವರೆಕಾಯಿ ಕುಕ್ಕೆ ಹೊತ್ತು ಆಗಾಗ ಪೇಟೆಗೆ ಹೋಗಬೇಕಿತ್ತು. ನನಗೆ ಹೊಲಿಗೆ ಬರುತ್ತಿದ್ದರಿಂದ ಪೇಟೆಯ ಬಟ್ಟೆ ಅಂಗಡಿಯೊಂದರವರು ರವಿಕೆ ಹೊಲಿಯಲು ಕೊಡುತ್ತಿದ್ದರು. ಹೀಗಾಗಿ ರಸ್ತೆಯಲ್ಲಿ ಅತ್ತೆ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಅತ್ತೆ ಮಾತಾಡುತ್ತಿದ್ದರು. ನಿಲ್ಲದೆ ಹೋದ ಬಸ್ಸನ್ನು, ಅದರ ಡ್ರೈವರನ್ನು, ಅವನಿಗೆ ಡ್ರೈವಿಂಗು ಕಲಿಸಿದವನನ್ನು, ಬಸ್ಸಿನ ಟೈರುಗಳನ್ನು ಒಂದೊಂದಾಗಿ ಬೈಯುತ್ತಾ ಹೋದರೆ ಮುಂದಿನ ಊರು ಬಂದೇಬಿಡುತ್ತಿತ್ತು. ನಾನು ಹೊಸ ಸೊಸೆ, ಬಾಯಿ ಬಿಡುತ್ತಿರಲಿಲ್ಲ. ಬಿಡಬೇಕೆಂದರೂ ಅತ್ತೆಯ ಮಾತಿನ ಮಧ್ಯೆ ನನ್ನದೊಂದನ್ನು ತೂರಿಸಲು ಸಂದು ಇರುತ್ತಿರಲಿಲ್ಲ.

ಒಂದು ಸಲ ಗಂಡಸರು ಸೇರಿ ರಸ್ತೆ ತಡೆ ಮಾಡಿದರು. ರಸ್ತೆಗೆ ಅಡ್ಡಲಾಗಿ ಎತ್ತಿನ ಗಾಡಿ ನಿಲ್ಲಿಸಿ, ಎತ್ತು ಬಿಚ್ಚಿ, ಎದೆ ಸೆಟೆಸಿಕೊಂಡು ಕಾದರು. ಬಸ್ಸು ಬಂತು, ನಿಂತಿತು. ನಮ್ಮೂರಿನ ಮುಂದೆ ಬಸ್ಸು ನಿಂತದ್ದನ್ನು ಕಂಡು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಘೋಷಣೆ ಕೂಗಲು ಗೊತ್ತುಮಾಡಿದ್ದವನೇ ಮೊದಲು ಹತ್ತಿದ. ಅವನ ಹಿಂದೆ ಉಳಿದವರೂ ನುಗ್ಗಿದರು. ಪೇಟೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ಇದ್ದೇ ಇತ್ತು. ಆದರೆ ಅಡ್ಡ ನಿಂತ ಗಾಡಿಯಿಂದಾಗಿ ಬಸ್ಸು ಮುಂದೆ ಹೋಗುವ ಹಾಗಿಲ್ಲ. ಗಾಡಿ ಯಾರದು, ಎಳೆಯಿರಿ ಎಂದು ಡ್ರೈವರು ಕೇಳಿದ. ಗಾಡಿಯ ಯಜಮಾನನಿಗೆ ಆಗಲೇ ಕಿಟಕಿ ಪಕ್ಕದ ಸೀಟು ಸಿಕ್ಕಿಬಿಟ್ಟಿತ್ತು. ಇಳಿದರೆ ಸೀಟು ಹೋಗುತ್ತದೆಂದು ಅವನು ತನಗೂ ಆ ಗಾಡಿಗೂ ಪರಿಚಯವೇ ಇಲ್ಲದಂತೆ ಹೊರಗೆ ನೋಡುತ್ತಾ ಕೂತ. ಕೊನೆಗೆ ಡ್ರೈವರು, ಕಂಡಕ್ಟರು ಇಬ್ಬರೂ ಇಳಿದು ಗಾಡಿ ತಳ್ಳಿ ಪಕ್ಕಕ್ಕಿಟ್ಟರು. ಹೋರಾಟಗಾರರು ಟಿಕೆಟು ತೆಗೆದುಕೊಂಡು ಪೇಟೆಗೆ ಹೋಗಿ, ಸಂಜೆ ಬರುವಾಗ ಮುಂದಿನ ಊರಿನಲ್ಲೇ ಇಳಿದು ನಡೆದು ಬಂದರು. ಮಾರನೆಯ ದಿನ ಬಸ್ಸು ಎಂದಿನಂತೆ ಹಾರಿಕೊಂಡು ಹೋಯಿತು.

ಆಮೇಲೆ ಮುಂದೆ ಬಂದವರು ನಮ್ಮ ತಾತ. ನನ್ನ ಗಂಡನ ಅಜ್ಜನ ತಮ್ಮ, ಊರಿಗೆಲ್ಲ ತಾತನೇ. ಸ್ವಾತಂತ್ರ್ಯ ಬರುವ ಮುಂಚೆ, ಮೀಸೆ ಮೂಡುವ ವಯಸ್ಸಿನಲ್ಲಿ, ಬಾವುಟ ಹಿಡಿದವರ ಹಿಂದೆ ಹೋಗಿ ಜೈಲು ಸೇರಿದ್ದರು. ಹೆಚ್ಚು ದಿನವೇನೂ ಅಲ್ಲ. ಆದರೆ ಆ ಕೆಲವು ದಿನಗಳಲ್ಲೇ ಒಂದು ಜೀವಮಾನಕ್ಕಾಗುವಷ್ಟು ಮಾತು ಸಂಪಾದಿಸಿಕೊಂಡು ಬಂದಿದ್ದರು. ಊಟಕ್ಕೆ ಕೂತಾಗಲೆಲ್ಲ, ಜೈಲಿನ ಮುದ್ದೆ ಇದಕ್ಕಿಂತ ಮೆತ್ತಗಿತ್ತು ಎಂದು ಹೇಳಿ ಮನೆಯ ಹೆಂಗಸರ ಮುಖ ಕೆಡಿಸುತ್ತಿದ್ದರು.

ನಮ್ಮೂರಿಗೆ ಬಸ್ಸು ನಿಲ್ಲದಿರಲು ನಮ್ಮ ಬಾಯಿಯೇ ಕಾರಣ ಎಂಬುದು ತಾತನ ವಾದ. ಅದರಲ್ಲಿ ಸತ್ಯವಿತ್ತು. ಪೇಟೆಯ ಕಚೇರಿಗೆ ಊರಿನವರು ಹಲವು ಸಲ ಹೋಗಿದ್ದರು. (ಯಾವ ಕಚೇರಿ ಎಂದು ಹೇಳುವುದಿಲ್ಲ, ಕಚೇರಿ ಇನ್ನೂ ಇದೆ, ನಾವೂ ಇನ್ನೂ ಅಲ್ಲಿಗೆ ಹೋಗಬೇಕು.) ಹೋದಾಗಲೆಲ್ಲ ಎಲ್ಲರೂ ಒಟ್ಟಿಗೆ ಮಾತಾಡಿ, ಬಸ್ಸಿನಿಂದ ಚರಂಡಿಗೆ ಹೋಗಿ, ಚರಂಡಿಯಿಂದ ಯಾರದೋ ಬೇಲಿಗೆ ಹೋಗಿ, ಬೇಲಿಯ ಇಬ್ಬರು ಯಜಮಾನರೂ ಅಲ್ಲೇ ಜಗಳಕ್ಕೆ ಬಿದ್ದು, ಸಾಹೇಬರು ಬೆಲ್ಲು ಒತ್ತಿ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದರು.

ಅದಕ್ಕೆ ತಾತ ಮೌನ ಸತ್ಯಾಗ್ರಹ ಎಂದರು. ಎಲ್ಲರೂ ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕಚೇರಿ ಮುಂದೆ ಕೂರುವುದು. ಮೇಷ್ಟರೊಬ್ಬರು, ಬೇಡಿಕೆಯನ್ನು ಒಂದು ಬೋರ್ಡಿನ ಮೇಲಾದರೂ ಬರೆಯೋಣ ಎಂದು ಸೂಚಿಸಿದರು. ತಾತ ಒಪ್ಪಲಿಲ್ಲ.

“ಆ ಸಾಹೇಬ್ನಿಗೆ ನಾವು ಏಳಿ ಏಳಿ ಗಂಟ್ಲು ಅರ್ದೋಗದೆ. ಯಾಕ್ ಬಂದವ್ರೆ ಅಂತ ಅವ್ನಿಗೆ ಗೊತ್ತಿಲ್ವಾ? ನಮ್ ಕಾಲ್ದಾಗೆ ಬ್ರಿಟಿಷ್ನೋರ್ಗೆ ನಾವೇನು ಬೋರ್ಡ್ ತೋರುಸ್ತಿದ್ವಾ? ಆರ್ಡರ್ ಮಾಡ್ತೀನಿ ಅಂತ ಅವ್ನ ಬಾಯಲ್ಲಿ ಬರೋಗಂಟ ಯಾರೂ ತುಟಿ ಬಿಚ್ಚಂಗಿಲ್ಲ ಕಣ್ರಲಾ.”

ಜೈಲಿಗೆ ಹೋಗಿ ಬಂದವರ ಎದುರು ವಾದ ಮಾಡುವವರು ಯಾರು? ಬೋರ್ಡು ಕೈಬಿಟ್ಟರು.

ಬಟ್ಟೆ ಒದಗಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಬಾಯಿಗಳಿಗೆ ಸಾಲುವಷ್ಟು ಕಪ್ಪು ಬಟ್ಟೆ ನನ್ನ ಹತ್ತಿರ ಎಲ್ಲಿಂದ ಬರಬೇಕು? ಹಳೆಯ ಕೊಡೆಯೊಂದರ ಬಟ್ಟೆ ಬಿಚ್ಚಿದೆ. ಲಂಗ ಹೊಲಿದು ಉಳಿದ ಚೂರುಗಳನ್ನು ಸೇರಿಸಿದೆ. ಕಪ್ಪು ಮುಗಿದ ಮೇಲೆ ಕಡು ನೀಲಿ, ಅದೂ ಮುಗಿದ ಮೇಲೆ ನೇರಳೆ. ಕೊನೆಗೆ ಉಳಿದವರಿಗೆ ಹೂವಿನ ಚಿತ್ರದ್ದೇ ಗತಿಯಾಯಿತು. ಅತ್ತೆ ಮಾತ್ರ ಕಪ್ಪು ಅಪಶಕುನ ಎಂದು ಹೇಳಿ ತಮ್ಮ ಸೀರೆಗೆ ಹೊಂದುವ ಹಸಿರು ರವಿಕೆ ಬಟ್ಟೆ ತಂದುಕೊಟ್ಟರು, ಜರಿಯ ಅಂಚು ಮೇಲೆ ಬರುವ ಹಾಗೆ ಹೊಲಿಸಿಕೊಂಡರು.

ಹಿಂದಿನ ದಿನ ತಾತ ಅಭ್ಯಾಸಕ್ಕೆಂದು ಊರಿಗೆಲ್ಲ ಮೌನ ವಿಧಿಸಿದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ತಡೆಯಲಾಗಲಿಲ್ಲ. ಎಮ್ಮೆಯ ಜೊತೆ ಮಾತಾಡಿದರೆ ವ್ರತ ಕೆಡುತ್ತದೆಯೇ ಎಂದು ಕೈಸನ್ನೆಯಲ್ಲಿ ಕೇಳಿದರು. ತಾತ ತುಂಬಾ ಹೊತ್ತು ಯೋಚಿಸಿ, ದನಕರು ಲೆಕ್ಕಕ್ಕಿಲ್ಲ ಎಂದು ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಸ್ವಲ್ಪ ಹೊತ್ತಿನಲ್ಲಿ ಊರಿನ ದನದ ಕೊಟ್ಟಿಗೆಗಳೆಲ್ಲ ಜನರಿಂದ ತುಂಬಿಹೋದವು. ಅತ್ತೆ ನಮ್ಮ ಎಮ್ಮೆಯ ಕಿವಿಯಲ್ಲಿ, ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಹಾಕಿದವರು ಯಾರೆಂದು ನನಗೆ ಗೊತ್ತು ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಸಗಣಿ ಬಾಚುತ್ತಿದ್ದೆ. ಎಮ್ಮೆ ನನ್ನ ಕಡೆ ನೋಡಿತು.

ಮಾರನೆಯ ದಿನ ಬೆಳಿಗ್ಗೆ ಟ್ರಾಕ್ಟರಿನ ಟ್ರೇಲರಿನಲ್ಲಿ ಹೊರಟೆವು. ಟ್ರಾಕ್ಟರು ಓಡಿಸುತ್ತಿದ್ದವರು ನನ್ನ ಗಂಡ. ಅಷ್ಟು ಜನ ಒಟ್ಟಿಗೆ ಕೂತು ಒಬ್ಬರೂ ಮಾತಾಡದೆ ಹೋಗುವುದು ಎಂಥ ವಿಚಿತ್ರ ಎಂದರೆ, ದಾರಿಯಲ್ಲಿ ಕಂಡವರು ಟೋಪಿ, ಟವಲು ತೆಗೆದು ನಿಂತುಕೊಂಡರು. ಮುಂದಿನ ಊರಿನ ಕಟ್ಟೆಯ ಮೇಲಿದ್ದವರು ಮೊದಲ ಬಾರಿಗೆ ಏನೂ ಕೇಳಲಿಲ್ಲ. ಟ್ರೇಲರು ಕುಲುಕಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು, ಪೇಟೆ ಬರುವವರೆಗೂ ಬಿಡಲಿಲ್ಲ. ಮಾತಿದ್ದಿದ್ದರೆ ಹಿಡಿಯುತ್ತಿರಲಿಲ್ಲವೇನೋ.

ಕಚೇರಿಯ ಮುಂದೆ ಸಾಲಾಗಿ ಕೂತೆವು. ಸಾಹೇಬರು ಹೊರಗೆ ಬಂದರು. ನೋಡಿದರೆ ಬೇರೆಯವರು. ನಮ್ಮ ಗಲಾಟೆ ಕೇಳಿ ಕೇಳಿ ಸುಸ್ತಾಗಿದ್ದ ಹಳೆಯ ಸಾಹೇಬರಿಗೆ ವರ್ಗವಾಗಿ, ಧಾರವಾಡದ ಆಚೆಯಿಂದ ಹೊಸಬರು ಬಂದಿದ್ದರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೆಲಸಕ್ಕೆ ಬಂದು ಒಂದು ವಾರವೂ ಆಗಿರಲಿಲ್ಲ. ನಾವು ಯಾವ ಊರಿನವರು, ಯಾಕೆ ಬಂದೆವು, ಏನೊಂದೂ ಅವರಿಗೆ ಗೊತ್ತಿಲ್ಲ. ನಮ್ಮನ್ನು ಬಲ್ಲ ಗುಮಾಸ್ತರು ಪಾಂಡವಪುರಕ್ಕೆ ಯಾವುದೋ ಮದುವೆಗೆ ಹೋಗಿದ್ದರು. ಜವಾನನಿಗೆ ಎಲ್ಲ ಗೊತ್ತಿತ್ತು. ಆದರೆ ಅವನು ಸ್ಟಾಪಿದ್ದ ಆ ಮುಂದಿನ ಊರಿನವನು. ಕಂಬಕ್ಕೆ ಒರಗಿ ನಗುತ್ತಾ ನಿಂತ. ಅವನೂ ನಮ್ಮ ಜೊತೆ ಮೌನವ್ರತಕ್ಕೆ ಸೇರಿಕೊಂಡ.

“ಯಾಕ್ರೀ ಅಜ್ಜಾರ, ಏನಾಗೇತ್ರೀ? ಎಲ್ಲಾರೂ ಬಾಯಿ ಕಟ್ಕೊಂಡ್ ಕುಂತೀರಲ್ಲ,” ಎಂದು ಸಾಹೇಬರು ತಾತನನ್ನು ಕೇಳಿದರು.

ತಾತ ಎದೆಯ ಮೇಲೆ ಕೈಯಿಟ್ಟು ಆಕಾಶ ನೋಡಿದರು. ಅಂತಃಕರಣದಿಂದ ತಿಳಿದುಕೋ ಎಂದು ಅದರ ಅರ್ಥವಂತೆ. ಸಾಹೇಬರ ಮುಖ ಸಣ್ಣಗಾಯಿತು. ಕಪ್ಪು ಬಟ್ಟೆ, ಎದೆ, ಆಕಾಶ, ಎಲ್ಲವನ್ನೂ ಕೂಡಿಸಿ ಅವರು ಒಳಗೆ ಹೋಗಿ ಇಡೀ ಕಚೇರಿಯವರನ್ನು ಹೊರಗೆ ಕರೆತಂದು ಸಾಲಾಗಿ ನಿಲ್ಲಿಸಿ, ತಲೆ ತಗ್ಗಿಸಿ ಶ್ರದ್ಧಾಂಜಲಿ ಅರ್ಪಿಸಿದರು. ಎದುರಿಗೆ ಅಷ್ಟು ಜನ ಎದ್ದು ನಿಂತ ಮೇಲೆ ನಾವು ಕೂತಿರುವುದು ಚೆನ್ನಾಗಿರುವುದಿಲ್ಲವೆಂದು ನಾವೂ ಎದ್ದು ನಿಂತೆವು. ಯಾರು ಸತ್ತರು ಎಂಬುದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. ಆದರೂ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಅವಳಿಗೆ ತನ್ನ ಗಂಡ ನೆನಪಾಗಿದ್ದನಂತೆ.

ಶ್ರದ್ಧಾಂಜಲಿ ಮುಗಿದ ಮೇಲೂ ನಾವು ಹೋಗಲಿಲ್ಲ. ಸಾಹೇಬರು ನೀರು ತರಿಸಿಕೊಟ್ಟರು. ಬಟ್ಟೆ ಎತ್ತಿ ಕುಡಿದು ಮತ್ತೆ ಇಳಿಬಿಟ್ಟೆವು. ಹಾಗಾದರೆ ಇವರಿಗೆ ಬೇಕಾದದ್ದು ಕುಡಿಯುವ ನೀರು ಎಂದುಕೊಂಡು ಬೋರ್‌ವೆಲ್ಲೇ ಎಂದು ಕೇಳಿದರು. ಎಲ್ಲರೂ ಅಲ್ಲವೆಂದು ತಲೆ ಆಡಿಸಿದೆವು. ರೇಷನ್ನೇ? ಅಲ್ಲ. ಕರೆಂಟೇ? ಕರೆಂಟಿನದೂ ತೊಂದರೆ ಇದ್ದದ್ದರಿಂದ ಅರ್ಧ ಜನ ಹೌದೆಂದರು, ಅರ್ಧ ಜನ ಅವರನ್ನು ತಿವಿದರು.

ಅತ್ತೆಗೆ ಇನ್ನು ಕೂರಲಾಗಲಿಲ್ಲ. ಎದ್ದು ಮುಂದೆ ಹೋಗಿ, ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ತಿರುಗಿಸಿದ ಹಾಗೆ ಮಾಡಿ ತೋರಿಸಿದರು. ಸಾಹೇಬರು ಗಮನವಿಟ್ಟು ನೋಡಿ, ಬೀಸುವ ಕಲ್ಲೇ, ಹಿಟ್ಟಿನ ಗಿರಣಿ ಬೇಕೇ ಎಂದರು. ಅತ್ತೆ ಹಣೆ ಚಚ್ಚಿಕೊಂಡು, ಈ ಸಲ ಒಂದು ಅಂಗೈಯನ್ನು ಎತ್ತಿ ನಿಲ್ಲಿಸು ಎಂಬಂತೆ ಹಿಡಿದರು. ಅದನ್ನು ಯಾವುದೋ ಪಕ್ಷದ ಗುರುತೆಂದು ತಿಳಿದು ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ತಾವು ಸರ್ಕಾರಿ ನೌಕರರು, ರಾಜಕೀಯದ ವಿಷಯ ತಮಗೆ ಬೇಡವೆಂದು ಕೈ ಮುಗಿದರು.

ಆಗ ಅತ್ತೆ ನನ್ನ ಗಂಡನ ಅಂಗಿ ಹಿಡಿದು ಎಳೆದು ತಂದು, ನೀನು ಬಸ್ಸು ಎಂದು ಸನ್ನೆಯಲ್ಲೇ ವಿವರಿಸಿದರು. ನನ್ನನ್ನು ಎಬ್ಬಿಸಿ, ತಲೆಯ ಮೇಲೆ ಒಂದು ಬಕೆಟ್ಟನ್ನು ಕುಕ್ಕೆಯಂತೆ ಇಟ್ಟು, ರಸ್ತೆ ಬದಿಗೆಂದು ನಿಲ್ಲಿಸಿದರು. ಗಂಡ ಕಚೇರಿಯ ಅಂಗಳದ ಆ ತುದಿಯಿಂದ ತಲೆ ತಗ್ಗಿಸಿ ಓಡಿ ಬಂದರು. ಹಾರನ್ನು ಹೊಡೆಯಬೇಕೆನ್ನಿಸಿ ಪೋಂ ಎಂದಾಗ, ಅದು ಮಾತೋ ಅಲ್ಲವೋ ಎಂದು ನಿರ್ಧರಿಸಲಾಗದೆ ತಾತ ಹುಬ್ಬು ಗಂಟಿಕ್ಕಿದರು. ನಾನು ಕೈ ಚಾಚಿದೆ. ಬಸ್ಸು ನಿಲ್ಲದೆ ಹೋಯಿತು. ನಾನು ಹಿಂದೆ ಓಡಿದೆ; ಬಕೆಟ್ಟು ಬಿತ್ತು, ಅದರ ಹಿಂದೆ ನಾನೂ ಬಿದ್ದೆ. ಬೀಳುವುದು ಆಟದಲ್ಲಿ ಇರಲಿಲ್ಲ. ಸೀರೆ ಕಾಲಿಗೆ ತೊಡರಿತ್ತು.

ಸಾಹೇಬರ ಮುಖ ಬೆಳಗಿತು. ಎಲ್ಲವೂ ಅವರಿಗೆ ಅರ್ಥವಾಗಿತ್ತು. ಊರಿನ ಮುಂದೆ ಬಸ್ಸು ಜೋರಾಗಿ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಈ ಕಪ್ಪು ಬಟ್ಟೆ.

“ತಿಳೀತ್ರಿ, ತಿಳೀತು. ಪಾಪ, ಬಾಯಿ ಬಿಟ್ಟ ಹೇಳಾಕೂ ಆಗದಷ್ಟ್ ದುಃಖ ಆಗೇತಿ. ನಿಮ್ಮೂರ ಮುಂದ ಒಂದ್ ದೊಡ್ಡ ಹಂಪ್ ಹಾಕಸ್ತೀನ್ರಿ. ಇವತ್ತೇ ಆರ್ಡರ್ ಮಾಡ್ತೀನಿ.”

ಆರ್ಡರ್ ಎಂಬ ಮಾತು ಬಿದ್ದದ್ದೇ ತಡ, ತಾತ ಬಾಯಿಯ ಬಟ್ಟೆ ಕಿತ್ತು ಕೈ ಮೇಲೆತ್ತಿದರು. ಅವರ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು ಆರ್ಡರ್ ಒಂದೇ. ವ್ರತ ಮುಗಿಯಿತು. ಎಲ್ಲರ ಬಟ್ಟೆಗಳೂ ಒಟ್ಟಿಗೆ ಕಳಚಿದವು. ಒಂದೂವರೆ ದಿನ ಕಟ್ಟಿಟ್ಟಿದ್ದ ಮಾತು ಕಟ್ಟೆ ಒಡೆದ ಹಾಗೆ ನುಗ್ಗಿತು. ಹಂಪು ಬೇಡ, ಸ್ಟಾಪು ಬೇಕು ಎಂದು ಕೂಗುವವರು ಕೂಗಿದರು. ಕರೆಂಟಿನವರು ಕರೆಂಟು ಎಂದರು. ಬೇಲಿಯ ಯಜಮಾನರು ಬೇಲಿಗೆ ಹೋದರು. ಅತ್ತೆಯಂತೂ ಬೀಸುವ ಕಲ್ಲಿನಿಂದ ಶುರುಮಾಡಿ ಸಾಹೇಬರಿಗೆ ಬುದ್ಧಿ ಹೇಳುತ್ತಿದ್ದರು. ಸಾಹೇಬರು ಇದೆಲ್ಲ ಕೃತಜ್ಞತೆ ಎಂದು ತಿಳಿದು, ಇರ್ಲಿ ಬಿಡ್ರಿ, ಇದು ನನ್ನ ಕರ್ತವ್ಯ ಎನ್ನುತ್ತಾ ಕೈ ಮುಗಿದುಕೊಂಡೇ ಹಿಂದೆ ಹಿಂದೆ ನಡೆದು ಒಳಗೆ ಸೇರಿ ಬಾಗಿಲು ಹಾಕಿಕೊಂಡರು.

ಆ ಗದ್ದಲದಲ್ಲಿ ಒಂದು ದನಿ ಉಳಿದವರದಕ್ಕಿಂತ ಗಟ್ಟಿಯಾಗಿ, ಸ್ಟಾಪು ಸ್ವಾಮಿ, ಸ್ಟಾಪು ಎಂದು ಕಿರುಚುತ್ತಿತ್ತು. ಅದು ನನ್ನದೇ ಎಂದು ನನಗೆ ಗೊತ್ತಾದದ್ದು ಅತ್ತೆ ತಮ್ಮ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದಾಗ.

“ನಿಂಗೂ ಬಾಯದೆ ಅಂತ ನಂಗೊತ್ತೇ ಇರ್ನಿಲ್ವಲ್ಲಮ್ಮಿ,” ಎಂದರು. ಬೈದದ್ದೋ ಮೆಚ್ಚಿದ್ದೋ ತಿಳಿಯಲಿಲ್ಲ. ಆದರೆ ಅಂದಿನಿಂದ ಅವರು ಮಾತಿನ ಮಧ್ಯೆ ಉಸಿರು ತೆಗೆದುಕೊಳ್ಳಲು ಶುರುಮಾಡಿದರು, ನನಗೂ ಒಂದಿಷ್ಟು ಸಂದು ಸಿಕ್ಕಿತು.

ಊರಿಗೆ ಹಿಂದಿರುಗುವಾಗ ಟ್ರೇಲರಿನಲ್ಲಿ ದೊಡ್ಡ ವಾದ. ಸಾಹೇಬರು ಹೇಳಿದ್ದು ಹಂಪು ಎಂದು ಕೆಲವರು, ಸ್ಟಾಪು ಎಂದು ಕೆಲವರು. ಆರ್ಡರ್ ಅಂದವ್ರಲ್ಲ ಬುಡ್ರಲಾ ಎಂದು ತಾತ ಎಲ್ಲರ ಬಾಯಿ ಮುಚ್ಚಿಸಿದರು. ಆದರೆ ಕೆಲವು ದಿನಗಳಾದ ಮೇಲೆ ಜಲ್ಲಿ, ಟಾರು ಹೇರಿಕೊಂಡ ಲಾರಿಯೊಂದು ಊರ ಮುಂದೆ ಬಂದು ನಿಂತಾಗ ವಾದ ತೀರ್ಮಾನವಾಯಿತು. ಸಾಹೇಬರು ದುಃಖಿತರ ಮೇಲಿನ ಕನಿಕರದಿಂದ ದೊಡ್ಡದೇ ಹಾಕಿಸಿ ಎಂದು ಬರೆದಿದ್ದರಂತೆ. ಮೇಸ್ತ್ರಿ ಹಾಕಿದ ಹಂಪು ಹಂಪಿನ ಹಾಗಿರಲಿಲ್ಲ; ರಸ್ತೆಗೆ ಅಡ್ಡಲಾಗಿ ಮಲಗಿದ ಎಮ್ಮೆಯ ಹಾಗಿತ್ತು.

ಊರಿನವರಿಗೆ ಕೆಂಡದಂಥ ಕೋಪ ಬಂತು. ಸ್ಟಾಪು ಕೇಳಿದರೆ ದಿಬ್ಬ ಕೊಟ್ಟರಲ್ಲ ಎಂದು ತಾತನ ಮೇಲೆ ಬಿದ್ದರು. ತಾತ ಎರಡನೆಯ ಸಲ, ಈ ಬಾರಿ ಬಟ್ಟೆಯಿಲ್ಲದೆಯೇ, ಮೌನ ಹಿಡಿದರು. ಅತ್ತೆ ಕುಕ್ಕೆ ಹೊತ್ತುಕೊಂಡೇ ಹೋಗಿ ಟಾರು ಹಾಕುವವರ ಮುಂದೆ ನಿಂತು ಅವರಿಗೆ ಬೇಕಾದಷ್ಟು ಹೇಳಿದರು. ಅವರು ಸಾಮಾನು ಕಟ್ಟಿಕೊಂಡು ಹೋದ ಮೇಲೂ ಅತ್ತೆ ಅಲ್ಲೇ ನಿಂತು ಹಂಪಿಗೇ ಬೈಯುತ್ತಿದ್ದರು. ನಾನು ರವಿಕೆಯ ಗಂಟು ಹಿಡಿದು ಪಕ್ಕದಲ್ಲಿದ್ದೆ. ಅಷ್ಟರಲ್ಲಿ ಬಸ್ಸು ಬಂತು.

ಎಂದಿನ ವೇಗದಲ್ಲೇ ಬಂದ ಡ್ರೈವರಿಗೆ ಕೊನೆಯ ಕ್ಷಣದಲ್ಲಿ ದಿಬ್ಬ ಕಾಣಿಸಿತು. ಬ್ರೇಕು ಕಿರುಚಿತು. ಬಸ್ಸು ಮುಂದಿನ ಚಕ್ರವನ್ನು ಹತ್ತಿಸಿ, ಏದುಸಿರು ಬಿಟ್ಟು, ಹಿಂದಿನ ಚಕ್ರ ಹತ್ತಿಸಲು ಧೈರ್ಯ ಬಾರದೆ ಹಂಪಿನ ಮೇಲೆಯೇ ನಿಂತುಬಿಟ್ಟಿತು. ಬಾಗಿಲು ಸರಿಯಾಗಿ ಅತ್ತೆಯ ಮುಂದಿತ್ತು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ಕುಕ್ಕೆ ಒಳಗಿಟ್ಟು, ಹತ್ತಿದರು. ನಾನೂ ಹತ್ತಿದೆ. ಇಲ್ಲಿ ಸ್ಟಾಪಿಲ್ಲ ಎಂದು ಕಂಡಕ್ಟರು ತಕರಾರು ತೆಗೆದ. ನಾವೇನು ನಿಲ್ಸಿ ಅಂದ್ವಾ, ನೀವೇ ನಿಂತ್ಕಂಡ್ರಿ ಎಂದರು ಅತ್ತೆ. ಅವನು ಗೊಣಗುತ್ತಾ ಟಿಕೆಟು ಹರಿದ.

ಆಮೇಲೆ ಬಸ್ಸುಗಳಿಗೆ ನಮ್ಮನ್ನು ಬಿಟ್ಟು ಹೋಗುವ ದಾರಿಯೇ ಇಲ್ಲವಾಯಿತು. ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಊರಿನ ಅರ್ಧ ಜನ ಒಳಗಿರುತ್ತಿದ್ದರು. ಮುದುಕರಿಗೂ ಅಭ್ಯಾಸವಾಯಿತು. ಲಾರಿಗಳು ನಿಧಾನವಾದಾಗ ಅವನ್ನೂ ಹತ್ತಿಬಿಟ್ಟು, ಎಲ್ಲಿಗೆ ಹೋಗುತ್ತದೆಂದು ಆಮೇಲೆ ವಿಚಾರಿಸುವವರೂ ಇದ್ದರು. ಹೀಗೆ ಒಬ್ಬರು ಆದಿಚುಂಚನಗಿರಿಗೆ ಹೋಗಿ ಊಟ ಮಾಡಿಕೊಂಡು ಬಂದರು.

ಒಂದು ದಿನ ಸಾಹೇಬರೇ ತಮ್ಮ ಮೊದಲ ಆರ್ಡರ್ ಹೇಗೆ ಜಾರಿಯಾಗಿದೆ ಎಂದು ನೋಡಲು ಅದೇ ಬಸ್ಸಿನಲ್ಲಿ ಬಂದರು. ಹಂಪಿನ ಮೇಲೆ ಬಸ್ಸು ನೆಗೆದಾಗ ಹಣೆ ಕಂಬಿಗೆ ಬಡಿದು, ಹಣೆ ಉಜ್ಜಿಕೊಳ್ಳುತ್ತಲೇ ಇಳಿದರು. ನಮ್ಮ ಮನೆಯಲ್ಲೇ ಊಟ. ಅವರು ರೊಟ್ಟಿಯ ಊರಿನವರು. ಮುದ್ದೆಯನ್ನು ನುಂಗದೆ ಅಗಿಯುವುದನ್ನು ನೋಡಲು ಬಾಗಿಲಲ್ಲಿ ಜನ ನಿಂತಿದ್ದರು. ಈಗ ಅಪಘಾತ ಕಡಿಮೆಯಾಗಿದೆಯೇ ಎಂದು ಅವರು ತಾತನನ್ನು ಕೇಳಿದರು. ಇಲ್ಲಿ ಅಪಘಾತ ಆಗಿಯೇ ಇಲ್ಲವಲ್ಲ ಎಂದರು ತಾತ. ಹಾಗಾದರೆ ಅವತ್ತು ಸತ್ತವರು ಯಾರು ಎಂದು ಸಾಹೇಬರು ಕೇಳಿದರು. ಅತ್ತೆ ಸಾರು ಬಡಿಸುತ್ತಾ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಶ್ರದ್ಧಾಂಜಲಿಯ ಹತ್ತಿರ ಬರುವಷ್ಟರಲ್ಲಿ ಸಾಹೇಬರಿಗೆ ಅಗಿಯುತ್ತಿದ್ದ ಮುದ್ದೆ ನೆತ್ತಿಗೇರಿ, ಕಣ್ಣಲ್ಲಿ ನೀರು ಬಂದು, ನಗುತ್ತಿದ್ದಾರೋ ಉಸಿರುಗಟ್ಟಿದೆಯೋ ಗೊತ್ತಾಗದೆ ನನ್ನ ಗಂಡ ಅವರ ಬೆನ್ನು ಗುದ್ದಿದರು.

ಹೋಗುವಾಗ ಸಾಹೇಬರು ತಾತನಿಗೆ ಕೈ ಮುಗಿದು, ಸ್ಟಾಪಿನ ಬಗ್ಗೆ ಸಂಬಂಧಪಟ್ಟವರಿಗೆ ಬರೆಯುವುದಾಗಿಯೂ, ಮುಂದೆ ಏನಾದರೂ ಬೇಕಾದರೆ ದಯವಿಟ್ಟು ಬಾಯಿಬಿಟ್ಟು ಕೇಳಬೇಕೆಂದೂ ಹೇಳಿದರು.

“ಬಾಯ್ ಬುಟ್ಟು ಕೇಳ್ದಾಗ್ಲೆಲ್ಲ ಏನೂ ಸಿಕ್ಕಿರ್ನಿಲ್ವಲ್ಲಾ ಸ್ವಾಮಿ,” ಎಂದರು ತಾತ.

ಸಾಹೇಬರು ಹಂಪಿನ ಬಳಿ ಹೋಗಿ, ನಮ್ಮೂರಿನವರಂತೆಯೇ ಓಡುವ ಬಸ್ಸಿನ ಕಂಬಿ ಹಿಡಿದು ಹತ್ತಿಕೊಂಡರು. ಬರೆದರೆಂದು ಕಾಣುತ್ತದೆ. ಬಹಳ ದಿನಗಳ ಮೇಲೆ ಯಾರೋ ಬಂದು ಹಂಪಿನ ಪಕ್ಕದಲ್ಲಿ ಸ್ಟಾಪಿನ ಬೋರ್ಡು ನೆಟ್ಟು ಹೋದರು. ಅದರ ಮೇಲೆ ನಮ್ಮೂರಿನ ಹೆಸರು ತಪ್ಪಾಗಿತ್ತು. ಅದನ್ನು ತಿದ್ದಿಸಲು ತಾತ ಉಪವಾಸದ ಪ್ರಸ್ತಾಪ ತಂದರು. ಹೆಸರು ಹೇಗಿದ್ದರೇನು, ಬಸ್ಸು ನಿಂತರಾಯಿತು ಎಂದು ಊರು ಅಷ್ಟಕ್ಕೇ ಬಿಟ್ಟಿತು.